ಮೇಲಿನ ಮಣ್ಣು ರೈತನದು, ಕೆಳಗಿನ ಎಣ್ಣೆ ಯಾರದು?



ಪಹಣಿ ನಿಮ್ಮ ಹೆಸರಲ್ಲಿದೆ, ಕಂದಾಯ ಕಟ್ಟಿದ ರಸೀದಿಯೂ ಇದೆ. ಒಂದು ಬೆಳಿಗ್ಗೆ ಕಂಪನಿಯವನೊಬ್ಬ ಕೊರೆಯುವ ಯಂತ್ರ ತಂದು ಹೊಲದ ಬದುವಿನಲ್ಲಿ ನಿಲ್ಲಿಸಿ, "ಮೇಲಿನ ಮಣ್ಣು ನಿಮ್ಮದು, ಕೆಳಗಿನ ಎಣ್ಣೆ ಸರ್ಕಾರದ್ದು, ಅದನ್ನು ನಾವು ಗುತ್ತಿಗೆ ಹಿಡಿದಿದ್ದೇವೆ" ಅಂದರೆ ಏನು ಮಾಡ್ತೀರಿ?

ಅಮೆರಿಕದ ವಯೋಮಿಂಗ್, ಮೊಂಟಾನಾ ಕಡೆಯ ಎಷ್ಟೋ ರೈತರ ಪಾಡು ಇದೇ. 1916ರ ಕಾಯಿದೆಯಂತೆ ಅವರ ಅಜ್ಜಂದಿರಿಗೆ 640 ಎಕರೆವರೆಗೆ ಜಮೀನು ಕೊಟ್ಟ ಸರ್ಕಾರ, ನೆಲದೊಳಗಿನ ಖನಿಜವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿತು. ಕಂಪನಿ ರೈತನ ಜೊತೆ ಒಪ್ಪಂದಕ್ಕೆ ಪ್ರಯತ್ನಿಸಬೇಕು, ನಿಜ. ಅವನು ಒಪ್ಪದಿದ್ದರೆ? ಬೆಳೆನಷ್ಟಕ್ಕೆಂದು ಭದ್ರತಾ ಠೇವಣಿ ಇಟ್ಟು ಕೊರೆಯಲು ಶುರು ಮಾಡಬಹುದು!

ಇದೂ ಸಾಲದೆಂದು ಎಣ್ಣೆ ಕಂಪನಿಗಳ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ವರ್ಷಗಟ್ಟಲೆ ಗಂಟಲು ಹರಿದುಕೊಂಡಿತು: ಇನ್ನೂ ಜಮೀನು ಗುತ್ತಿಗೆಗೆ ಕೊಡಿ, ಪರವಾನಗಿ ಬೇಗ ಕೊಡಿ. 2025ರ ಜುಲೈ 4ರಂದು ಸಹಿಯಾದ ಕಾಯಿದೆ ಎರಡಕ್ಕೂ ತಲೆಯಾಡಿಸಿತು. ಎಣ್ಣೆ ಸಿಗುವ ರಾಜ್ಯಗಳಲ್ಲಿ ಮೂರು ತಿಂಗಳಿಗೊಮ್ಮೆ ಹರಾಜು ಕಡ್ಡಾಯ. 2022ರಲ್ಲಿ ನೂರಕ್ಕೆ 16.67ಕ್ಕೆ ಏರಿದ್ದ ರಾಜಧನ, 1920ರ ಕಾಲದ 12.5ಕ್ಕೆ ವಾಪಸ್. ಎಂಟು ಪೀಪಾಯಿ ತೆಗೆದರೆ ಒಡೆಯನಿಗೆ ಒಂದು! ನಮ್ಮಲ್ಲಿ ಅರ್ಧ ಪಾಲು ಕೋರು ಅಳೆದುಕೊಟ್ಟವರ ಮೊಮ್ಮಕ್ಕಳು ಎಷ್ಟು ಜನರಿಲ್ಲ? ಟೆಕ್ಸಾಸ್ ರಾಜ್ಯ ತನ್ನ ಜಮೀನಿನ ಎಣ್ಣೆಗೆ 25ರವರೆಗೂ ವಸೂಲು ಮಾಡುತ್ತದೆ. ಅಲ್ಲೂ ಕಂಪನಿಗಳು ಸಾಲುಗಟ್ಟಿ ಬರುತ್ತವೆ.

ಪರವಾನಗಿಯ ಕಥೆ ಕೇಳಿ. ಪರಿಸರ ಪರಿಣಾಮದ ವರದಿಗೆ ತಗಲುವ ಅಂದಾಜು ಖರ್ಚಿನ ನೂರಕ್ಕೆ 125ರಷ್ಟು ಶುಲ್ಕ ಕಟ್ಟಿದರೆ, ಅಧಿಕಾರಿಗಳು ಅದನ್ನು ಒಂದು ವರ್ಷದಲ್ಲಿ ಮುಗಿಸಿಕೊಡಬೇಕು. ವಿಳಂಬ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಲ್ಲಿ ವಿದ್ಯುತ್ ತಂತಿ ಎಳೆಯುವುದಕ್ಕೂ ವರ್ಷಗಳೇ ಬೇಕು. ಆದರೆ ಕಾಸಿದ್ದವನಿಗೆ ಬೇರೆ ಬಾಗಿಲು ಯಾಕೆ? ಸರ್ವೆ ಇಲಾಖೆಯಲ್ಲಿ ನಿಮ್ಮ ಪೋಡಿ ಅರ್ಜಿ ಎಷ್ಟು ವರ್ಷದಿಂದ ಧೂಳು ತಿನ್ನುತ್ತಿದೆ, ನೀವೇ ಹೇಳಿ.

ಗುತ್ತಿಗೆ ಹೆಚ್ಚಾದರೆ ಎಣ್ಣೆ ಬೆಲೆ ಇಳಿಯುತ್ತದೆ ಅನ್ನುತ್ತಾರೆ. ಆ ಸರ್ಕಾರ ಗುತ್ತಿಗೆಗೆ ಕೈ ಬಿಗಿ ಹಿಡಿದಿದ್ದ 2023ರಲ್ಲೇ ಅಮೆರಿಕ ದಿನಕ್ಕೆ ಸುಮಾರು 1 ಕೋಟಿ 29 ಲಕ್ಷ ಪೀಪಾಯಿ ತೆಗೆದು ದಾಖಲೆ ಮಾಡಿತು. ಗುತ್ತಿಗೆ ಹಿಡಿದ ಸರ್ಕಾರಿ ನೆಲದಲ್ಲಿ ಹತ್ತಿರ ಹತ್ತಿರ ಅರ್ಧದಿಂದ ಒಂದು ತೊಟ್ಟು ಎಣ್ಣೆಯೂ ಬರುತ್ತಿರಲಿಲ್ಲ. ಎಣ್ಣೆಯ ಬೆಲೆ ಕಟ್ಟುವುದು ಜಗತ್ತಿನ ಪೇಟೆ, ವಯೋಮಿಂಗಿನ ಹರಾಜು ಕಟ್ಟೆಯಲ್ಲ.

ದೂರದ ಮಾತು ನಮಗ್ಯಾಕೆ ಅಂತೀರಾ? ನೆಲದಡಿಯ ಎಣ್ಣೆ ಇಲ್ಲೂ ಸರ್ಕಾರದ್ದೇ. 1948ರ ತೈಲಕ್ಷೇತ್ರ ಕಾಯಿದೆಯನ್ನು 2025ರಲ್ಲಿ ನಮ್ಮ ಸಂಸತ್ತೂ ಕಂಪನಿಗಳಿಗೆ ಅನುಕೂಲವಾಗುವಂತೆ ತಿದ್ದಿದೆ. ಕರ್ನಾಟಕದಲ್ಲಿ ನಮ್ಮ ಹೊಲ ಹಾದು ಹೋಗುವುದು ಗ್ಯಾಸಿನ ಕೊಳವೆ. ಅದಕ್ಕೆ 1962ರ ಕಾಯಿದೆ. ಕೊಳವೆಯ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಪಟ್ಟಿಯ ಹಕ್ಕಿಗೆ ಕೊಡುವ ಪರಿಹಾರ, ಜಮೀನಿನ ಪೇಟೆ ಬೆಲೆಯ ನೂರಕ್ಕೆ ಹತ್ತು. ತೆಂಗು, ಅಡಿಕೆ ಇಟ್ಟವರು ಲೆಕ್ಕ ಹಾಕಿ.

ಅಧಿಸೂಚನೆಯ ಪ್ರತಿ ಊರಿಗೆ ಸಿಕ್ಕ ದಿನದಿಂದ ತಕರಾರು ಅರ್ಜಿಗೆ ನಿಮಗಿರುವುದು 21 ದಿನ. ಸರ್ವೆ ನಂಬರು ನೋಡಿಕೊಳ್ಳಿ, ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಪಡೆಯದೆ ಕಚೇರಿ ಮೆಟ್ಟಿಲು ಇಳಿಯಬೇಡಿ.