ಬಣ್ಣಕ್ಕಿಂತ ಮೊದಲು ಕಾಗದಪತ್ರ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೂವತ್ತು, ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಮಕ್ಕಳು ಪರದೇಶದಲ್ಲಿ ನೆಲೆಸಿರುತ್ತಾರೆ. ವೃದ್ಧ ದಂಪತಿಗೆ ಮಹಡಿಯ ಮೆಟ್ಟಿಲು ಹತ್ತುವುದೇ ಪ್ರಯಾಸವಾಗಿರುತ್ತದೆ. ಇಂತಹ ಮನೆಯೊಡೆಯರಿಗೆ ದಲ್ಲಾಳಿಗಳು ನೀಡುವ ಸಲಹೆ ಸಾಮಾನ್ಯವಾಗಿ ಒಂದೇ: ಬಣ್ಣ ಬಳಿಸಿ, ತೊಟ್ಟಿಕ್ಕುವ ನಲ್ಲಿ ಬದಲಾಯಿಸಿ, ಹಳೆಯ ಸಾಮಾನು ಹೊರಹಾಕಿ, ಮುಂಬಾಗಿಲಿಗೆ ಪಾಲಿಶ್ ಹಾಕಿಸಿ. ಸಲಹೆಯಲ್ಲಿ ತಪ್ಪಿಲ್ಲ. ಒಪ್ಪವಾಗಿರುವ ಮನೆ ನೋಡುವವರ ಕಣ್ಣಿಗೆ ಹಿತ. ಆದರೆ ಸಿದ್ಧತೆ ಅಲ್ಲಿಗೇ ನಿಂತರೆ ಅದರಿಂದ ಕೊಳ್ಳುವವರಿಗಷ್ಟೇ ಅಲ್ಲ, ಮಾರುವವರಿಗೂ ನಷ್ಟ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಪರಿಚಿತ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಂಡರು. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಹೀಗಾಗಿ ಅವನು ಎಲ್ಲ ಕಾರುಗಳನ್ನೂ ಶಂಕಿಸಿ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೆಯ ಕಾರಿನ ಒಡೆಯ ಆ ಬೆಲೆಗೆ ಒಪ್ಪದೆ ಹಿಂದೆ ಸರಿಯುತ್ತಾನೆ. ಮೈಕೆಲ್ ಸ್ಪೆನ್ಸ್ ಇನ್ನೊಂದು ಮಾತನ್ನು ಸೇರಿಸಿದರು: ಗುಣಮಟ್ಟವನ್ನು ಸಾರುವ ಕುರುಹು ಕಳಪೆಯವನ ಕೈಗೆ ಸುಲಭವಾಗಿ ಎಟುಕಬಾರದು. 2001ರಲ್ಲಿ ಇವರಿಬ್ಬರೂ ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಈ ದೃಷ್ಟಿಯಿಂದ ನೋಡಿದರೆ ಬಣ್ಣ ಅತ್ಯಂತ ದುರ್ಬಲ ಕುರುಹು. ಗಟ್ಟಿ ಮನೆಯವರೂ ಬಳಿಸಬಲ್ಲರು, ತಾರಸಿ ಸೋರುವ ಮನೆಯವರೂ ಬಳಿಸಬಲ್ಲರು. ಮಾರ್ಚ್ ತಿಂಗಳಲ್ಲಿ ಮುಚ್ಚಿಹೋದ ತೇವದ ಕಲೆ ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಮತ್ತೆ ಮೂಡುತ್ತದೆ. ಅಷ್ಟರಲ್ಲಿ ಹಣ ಕೈ ಬದಲಾಗಿರುತ್ತದೆ. ಅನುಭವಸ್ಥ ಖರೀದಿದಾರರು ಹೊಸ ಬಣ್ಣವನ್ನು ಕಂಡೊಡನೆ ಅನುಮಾನಿಸುವುದು ಈ ಕಾರಣದಿಂದಲೇ.

ಸುಲಭವಾಗಿ ಎಟುಕದ ಕುರುಹು ಎಂದರೆ ಸ್ಪಷ್ಟವಾದ ದಾಖಲೆ. ಮೂಲ ಕ್ರಯಪತ್ರದಿಂದ ಇಂದಿನವರೆಗಿನ ಹಕ್ಕಿನ ಕೊಂಡಿಗಳು, ಋಣಭಾರ ಪ್ರಮಾಣಪತ್ರ, ಖಾತಾ, ಕಂದಾಯ ಕಟ್ಟಿದ ರಸೀದಿಗಳು, ಮಂಜೂರಾದ ನಕ್ಷೆ, ಸಾಲ ತೀರಿದ್ದರೆ ಬ್ಯಾಂಕಿನ ಪತ್ರ, ಇವೆಲ್ಲ ಒಂದೇ ಕಡತದಲ್ಲಿರುವ ಮನೆಗೆ ಜಾಹೀರಾತು ಬೇಕಿಲ್ಲ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಅನೇಕರಿಗೆ ಇದರ ಬಿಸಿ ತಟ್ಟಿದೆ. ಮುಂಗಡ ಪಡೆದ ಬಳಿಕ ಖಾತೆಯಲ್ಲಿ ತೀರಿಹೋದ ತಂದೆಯ ಹೆಸರೇ ಇರುವುದು ತಿಳಿದು ವ್ಯವಹಾರ ತಿಂಗಳುಗಟ್ಟಲೆ ನಿಲ್ಲುವುದುಂಟು.

ಕುಟುಂಬದ ಒಳಗಿನ ಸಿದ್ಧತೆ ಇನ್ನೂ ಮುಖ್ಯ. ಸ್ವಯಾರ್ಜಿತ ಮನೆಯ ಒಡೆಯ ಉಯಿಲು ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ತಾಯಿ, ಪತ್ನಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮಪಾಲು. ಮದುವೆಯಾಗಿ ಹೋದ ತಂಗಿಯ ಸಹಿ ಏತಕ್ಕೆ ಎಂದು ಕೇಳುವ ಅಣ್ಣಂದಿರು ಇಂದಿಗೂ ಇದ್ದಾರೆ. ಅವಳನ್ನು ಹೊರಗಿಟ್ಟು ಮಾಡಿದ ಮಾರಾಟ ಮುಂದೊಂದು ದಿನ ನ್ಯಾಯಾಲಯದ ಮೆಟ್ಟಿಲೇರಬಹುದು. ಆಗ ತೊಂದರೆಗೆ ಸಿಲುಕುವವನು ಸಾಲ ಮಾಡಿ ಮನೆ ಕೊಂಡ ಅಮಾಯಕ.

ದಾಖಲೆಗಳೂ ಹೇಳದ ಸಂಗತಿಗಳಿವೆ. ಕೆಳಮನೆಯಲ್ಲಿ ನೋಂದಾಯಿಸದ ಕರಾರಿನ ಮೇಲೆ ಭೋಗ್ಯಕ್ಕಿರುವ ಬಾಡಿಗೆದಾರ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಬತ್ತುವ ಕೊಳವೆಬಾವಿ, ನಕ್ಷೆಯನ್ನು ಮೀರಿ ಕಟ್ಟಿದ ಎರಡನೆಯ ಮಹಡಿ, ಪಕ್ಕದವರೊಂದಿಗಿನ ಗೋಡೆಯ ತಕರಾರು, ಇವನ್ನು ಮಾರುವವರೇ ಹೇಳಬೇಕು. ಇದು ಬರೀ ಸಜ್ಜನಿಕೆಯ ಪ್ರಶ್ನೆಯಲ್ಲ. ಬೇರೆ ಕರಾರಿಲ್ಲದಿದ್ದರೆ, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾಗದಂತಹ, ಮಾರುವವನಿಗೆ ತಿಳಿದಿರುವ ಮುಖ್ಯ ದೋಷವನ್ನು ತಿಳಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ ಮಾರುವವನ ಕರ್ತವ್ಯ. ಮರೆಮಾಚುವುದು ವಂಚನೆ ಎಂದೇ ಆ ಕಲಮು ಹೇಳುತ್ತದೆ. ಸುಮಾರು ಒಂದೂವರೆ ಶತಮಾನದ ಈ ನಿಯಮ ನಮ್ಮ ಕ್ರಯದ ಕರಾರುಗಳಲ್ಲಿ ಮಾತ್ರ ಕಾಣಿಸುವುದು ಅಪರೂಪ.

ದೋಷ ಹೇಳಿಕೊಂಡರೆ ಬೆಲೆ ಬಿದ್ದುಹೋಗದೇ ಎಂದು ಕೇಳುವವರಿದ್ದಾರೆ. ತಾರಸಿ ಸೋರುತ್ತದೆ ಎಂದು ತಿಳಿದವನು ದುರಸ್ತಿಯ ವೆಚ್ಚದಷ್ಟನ್ನು ಕಡಿಮೆ ಮಾಡಲು ಕೇಳುತ್ತಾನೆ. ಏನಿದೆಯೋ ತಿಳಿಯದು ಎಂದು ಅಂಜಿದವನು ಅದರ ಹಲವು ಪಟ್ಟು ಕೇಳುತ್ತಾನೆ, ಇಲ್ಲವೇ ಮರಳಿ ಬರುವುದೇ ಇಲ್ಲ. ಬಣ್ಣಕ್ಕೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ತಾರಸಿಯ ದುರಸ್ತಿಗೂ ಒಬ್ಬ ಒಳ್ಳೆಯ ವಕೀಲರ ಪರಿಶೀಲನೆಗೂ ಇಡುವುದು ಲಾಭದ ಲೆಕ್ಕಾಚಾರವೇ ಹೌದು.

ಸರ್ಕಾರದ ಹೊಣೆಯೂ ಇಲ್ಲಿದೆ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿಸಲಾಯಿತು. ಸೆಸ್ಸು ಸೇರಿದರೆ ಒಂದು ಕೋಟಿ ರೂಪಾಯಿಯ ಮನೆ ಕೊಳ್ಳುವವರು ಏಳು ಲಕ್ಷಕ್ಕೂ ಹೆಚ್ಚು ಮೊತ್ತವನ್ನು ಖಜಾನೆಗೆ ತೆರುತ್ತಾರೆ. ಆದರೆ 1908ರ ನೋಂದಣಿ ಕಾಯ್ದೆ ನೋಂದಾಯಿಸುವುದು ದಸ್ತಾವೇಜನ್ನೇ ಹೊರತು ಒಡೆತನವನ್ನಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆ ನಿರ್ಮಾಣಗಾರರ ಯೋಜನೆಗಳಿಗೆ ಲಗಾಮು ಹಾಕಿತು. ಗೃಹಸ್ಥನೊಬ್ಬ ತನ್ನ ಹಳೆಯ ಸ್ವತಂತ್ರ ಮನೆಯನ್ನು ಮಾರುವಾಗ ಅದು ನೆರವಿಗೆ ಬಾರದು.

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರು ತಮಗೆ ತಿಳಿದ ದೋಷಗಳ ಲಿಖಿತ ಹೇಳಿಕೆ ನೀಡಬೇಕೆಂಬ ಕಾನೂನು 1980ರ ದಶಕದಿಂದಲೇ ಇದೆ. ನಮ್ಮಲ್ಲೂ ಕನ್ನಡದಲ್ಲಿ ಎರಡು ಪುಟದ ಒಂದು ನಮೂನೆ ಸಾಕು: ಸೋರಿಕೆ, ನೀರಿನ ಮೂಲ, ನಕ್ಷೆಯ ಉಲ್ಲಂಘನೆ, ಬಾಡಿಗೆದಾರರು, ವಾರಸುದಾರರು, ಬಾಕಿ ಇರುವ ದಾವೆಗಳು. ಮಾರುವವರು ಸಹಿ ಮಾಡಿದ ಆ ಹೇಳಿಕೆಯನ್ನು ಕ್ರಯದ ಕರಾರಿಗೆ ಲಗತ್ತಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಶುಲ್ಕವೂ ಬೇಡ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯವೂ ಮಾರುವವರಿಗಿಲ್ಲ. ಬಣ್ಣದವನಿಗೆ ಹೇಳಿಕಳುಹಿಸುವ ಮುನ್ನ ಬೀರುವಿನಲ್ಲಿರುವ ಕಡತವನ್ನು ಹೊರತೆಗೆದು, ಒಡಹುಟ್ಟಿದವರನ್ನು ಕರೆದು ಕೂರಿಸಿ ಮಾತನಾಡಲಿ. ಒಂದು ಕುಟುಂಬದ ಜೀವಮಾನದ ಉಳಿತಾಯವನ್ನು ಪಡೆಯುವವರು ಅಷ್ಟನ್ನಾದರೂ ಮಾಡುವುದು ನ್ಯಾಯ.