‘ಬರೀ ನಾಟಕ’ ಎನ್ನುವ ಮುನ್ನ: ವ್ಯಕ್ತಿತ್ವ ದೋಷವನ್ನು ವಾರ್ಡ್‌ನಲ್ಲಿ ಗುರುತಿಸುವುದು, ನಿಭಾಯಿಸುವುದು ಹೇಗೆ?

“ಅವಳಿಗೆ ಕಾಯಿಲೆ ಏನೂ ಇಲ್ಲ, ಬರೀ ನಾಟಕ.” ಬೆಳಗಿನ ಪಾಳಿಯ ಸಿಸ್ಟರನ್ನು ದೇವರೆಂದು ಹೊಗಳಿ, ರಾತ್ರಿ ಪಾಳಿಯವರನ್ನು ಬೈದು, ಕೈ ಕೊಯ್ದುಕೊಳ್ಳುವ ರೋಗಿಯ ಬಗ್ಗೆ ಮನೋರೋಗ ವಾರ್ಡ್‌ಗಳಲ್ಲಿ ಈ ಮಾತು ಸುಲಭವಾಗಿ ಬಂದುಬಿಡುತ್ತದೆ. ಇದು ನಿಜವೇ?

ಸ್ವಭಾವ ಯಾವಾಗ ದೋಷವಾಗುತ್ತದೆ?

ಹಠ, ಅನುಮಾನ, ಸಂಕೋಚ ನಮ್ಮೆಲ್ಲರಲ್ಲೂ ಇವೆ. ಯೋಚಿಸುವ, ಭಾವಿಸುವ, ಇತರರೊಡನೆ ನಡೆದುಕೊಳ್ಳುವ ರೀತಿಯೇ ಎಳೆ ವಯಸ್ಸಿನಿಂದ ಬೇರೂರಿ, ಮನೆ, ಕೆಲಸ, ಸಂಬಂಧಗಳಲ್ಲೆಲ್ಲ ಮತ್ತೆ ಮತ್ತೆ ಸಂಕಟ ತಂದರೆ ಮಾತ್ರ ಅದನ್ನು ವ್ಯಕ್ತಿತ್ವ ದೋಷ ಎನ್ನುತ್ತಾರೆ. ಅಮೆರಿಕದ ಡಿಎಸ್‌ಎಂ-5 ಕೈಪಿಡಿ (2013) ಇದರಲ್ಲಿ 10 ಬಗೆಗಳನ್ನು ಹೇಳುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಬಗೆಗಿಂತ ಮೊದಲು ತೀವ್ರತೆ ನೋಡುತ್ತದೆ: ಸೌಮ್ಯ, ಮಧ್ಯಮ, ತೀವ್ರ.

ಹಣೆಪಟ್ಟಿಯ ಅಪಾಯ

1988ರಲ್ಲಿ ಬ್ರಿಟನ್ನಿನ ಲೂಯಿಸ್ ಮತ್ತು ಆಪಲ್‌ಬಿ ಮನೋವೈದ್ಯರಿಗೆ ರೋಗಿಯೊಬ್ಬರ ವಿವರ ಕಳುಹಿಸಿದರು. ಕೆಲವು ಪ್ರತಿಗಳಲ್ಲಿ ‘ಹಿಂದೆ ವ್ಯಕ್ತಿತ್ವ ದೋಷ ಇತ್ತು’ ಎಂಬ ಅಂಶ ಸೇರಿತ್ತು. ಅಷ್ಟಕ್ಕೇ ಅದೇ ರೋಗಿ ‘ಕಷ್ಟದವರು’, ‘ಗಮನ ಸೆಳೆಯುವವರು’ ಎನಿಸಿಕೊಂಡರು! ವೈದ್ಯರ ಕಥೆಯೇ ಹೀಗಾದರೆ, ದಿನವಿಡೀ ರೋಗಿಯ ಜೊತೆಗಿರುವ ನರ್ಸ್ ಇನ್ನೂ ಎಚ್ಚರವಾಗಿರಬೇಕು.

ನರ್ಸ್ ಏನು ಮಾಡಬಹುದು?

ರೋಗನಿರ್ಣಯ ವೈದ್ಯರದ್ದು, ಆದರೆ ಅದಕ್ಕೆ ಬೇಕಾದ ಸುಳಿವು ಹೆಚ್ಚಾಗಿ ಸಿಗುವುದು ನರ್ಸ್‌ಗೆ. ಕೇಸ್ ಶೀಟಿನಲ್ಲಿ ‘ಹಠಮಾರಿ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಅಮ್ಮನ ಫೋನ್ ಬಂದ ಅರ್ಧ ಗಂಟೆಗೆ ಊಟ ಬೇಡವೆಂದು ತಟ್ಟೆ ತಳ್ಳಿದರು’ ಎಂದರೆ ಕಾರಣದ ಎಳೆ ಸಿಗುತ್ತದೆ.

ಎರಡನೆಯದು, ಎಲ್ಲ ಪಾಳಿಗೂ ಒಂದೇ ನಿಯಮ. ಒಬ್ಬರು ‘ಆಗಲಿ’, ಇನ್ನೊಬ್ಬರು ‘ಆಗಲ್ಲ’ ಎಂದರೆ ಸಿಬ್ಬಂದಿಯಲ್ಲೇ ಎರಡು ಗುಂಪಾಗುತ್ತದೆ, ರೋಗಿಯ ಗೊಂದಲವೂ ಹೆಚ್ಚುತ್ತದೆ. ಮಿತಿಗಳನ್ನು ಮೊದಲೇ, ಮೆತ್ತಗೆ, ಸ್ಪಷ್ಟವಾಗಿ ಹೇಳಬೇಕು. ಅವು ಶಿಕ್ಷೆಯಾಗಬಾರದು.

ಮೂರನೆಯದು, ಗಾಯ ಮಾಡಿಕೊಂಡವರಿಗೆ ಬುದ್ಧಿವಾದ ಬೇಡ. ಶಾಂತವಾಗಿ ಡ್ರೆಸ್ಸಿಂಗ್ ಮಾಡಿ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ‘ಯಾರಿಗೂ ಹೇಳಬೇಡಿ’ ಎಂದರೂ ಪ್ರಾಣಾಪಾಯದ ವಿಷಯವನ್ನು ತಂಡಕ್ಕೆ ತಿಳಿಸಲೇಬೇಕು. ಅದನ್ನು ರೋಗಿಗೂ ಮುಚ್ಚಿಡಬಾರದು.

ಇದೆಲ್ಲ ನರ್ಸ್‌ಗೂ ದಣಿವು, ಸಿಟ್ಟು ತರುತ್ತದೆ. ಅದನ್ನು ಸಹೋದ್ಯೋಗಿಗಳ ಜೊತೆ ಮಾತಾಡಿ ಹಗುರ ಮಾಡಿಕೊಳ್ಳುವುದೂ ಆರೈಕೆಯ ಭಾಗವೇ.

ಗುಣವೇ ಆಗುವುದಿಲ್ಲವೇ?

ಇದಕ್ಕೆಂದೇ ಒಂದು ಮಾತ್ರೆ ಇಲ್ಲ. ಮಾತ್ರೆಗಳು ಜೊತೆಗಿರುವ ಖಿನ್ನತೆ, ಆತಂಕಕ್ಕೆ ನೆರವಾಗುತ್ತವೆ. ಮುಖ್ಯ ಚಿಕಿತ್ಸೆ ಮಾತಿನದ್ದು. ಭಾವನೆಗಳು ಥಟ್ಟನೆ ಏರಿಳಿಯುವ ‘ಬಾರ್ಡರ್‌ಲೈನ್’ ಬಗೆಗೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ ಇವುಗಳಲ್ಲಿ ಹೆಸರಾದದ್ದು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಗೆ ದಾಖಲಾಗಿದ್ದ ಇಂಥ 290 ರೋಗಿಗಳನ್ನು ಗಮನಿಸುತ್ತ ಹೋದಾಗ, 10 ವರ್ಷಗಳೊಳಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಶಮನವಾಗಿದ್ದವು.

ಅಂದರೆ ‘ನಾಟಕ’ ಎಂದು ನಾವು ತಳ್ಳಿಹಾಕುವುದು ಚೇತರಿಸಿಕೊಳ್ಳಬಲ್ಲ ಒಬ್ಬರನ್ನು. ನಿಮಗೋ ನಿಮ್ಮವರಿಗೋ ನೆರವು ಬೇಕಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಇದು ಉಚಿತ, ಕನ್ನಡದಲ್ಲೇ ಮಾತಾಡಬಹುದು.