ಗೇರ್ ಹೆಚ್ಚಾದಷ್ಟು ಶಕ್ತಿ ಹೆಚ್ಚಾಗುತ್ತದೆಯೇ? ರೋಬೋಟ್ ಕಟ್ಟುವ ಮಕ್ಕಳಿಗೊಂದು ಲೆಕ್ಕ

ಪುಟ್ಟ ಮೋಟರ್‌ಗೆ ಸಾಲಾಗಿ ಗೇರ್ ಜೋಡಿಸಿ ಜನರೇಟರ್ ತಿರುಗಿಸುತ್ತಾರೆ. ಅದೇ ಕರೆಂಟಿನಿಂದ ಮೋಟರೂ ಓಡುತ್ತದೆ, ಮನೆಯ ಬಲ್ಬೂ ಉರಿಯುತ್ತದೆ. ಇಂಥ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಗೇರ್ ಹೆಚ್ಚಾದಷ್ಟು ಶಕ್ತಿ ಹೆಚ್ಚು ಎಂಬುದು ಅದರ ಸಾರ. ಇದು ಸುಳ್ಳು.

ನಕ್ಕು ಬಿಡಬಹುದಾಗಿತ್ತು. ಆದರೆ ಇದನ್ನೇ ನಂಬಿ ರೋಬೋಟ್ ಕಟ್ಟಿದರೆ ಮೋಟರ್ ಸುಡುತ್ತದೆ, ಗೇರಿನ ಹಲ್ಲು ಮುರಿಯುತ್ತದೆ, ಮನೆಯವರು ಕೊಟ್ಟ ಹಣವೂ ಹೋಗುತ್ತದೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ಹಲವು ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿವೆ. ಹೀಗಾಗಿ ಈ ಲೆಕ್ಕ ಈಗ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದಲ್ಲ.

ಗೇರ್ ಮಾಡುವುದೇನು?

ಗೇರ್ ಮಾಡುವುದು ವಿನಿಮಯ ಮಾತ್ರ. ವೇಗ ಕೊಟ್ಟರೆ ಟಾರ್ಕ್, ಅಂದರೆ ತಿರುಗಿಸುವ ಬಲ ಸಿಗುತ್ತದೆ. ಬಲ ಕೊಟ್ಟರೆ ವೇಗ ಸಿಗುತ್ತದೆ. ಎರಡೂ ಒಟ್ಟಿಗೆ ಹೆಚ್ಚುವುದಿಲ್ಲ. ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಂಬಿದ ಲಾರಿ ಏರು ಹತ್ತುವಾಗ ಚಾಲಕ ಕೆಳಗಿನ ಗೇರಿಗೆ ಬರುತ್ತಾನೆ. ಲಾರಿ ನಿಧಾನವಾಗುತ್ತದೆ, ಎಳೆತ ಹೆಚ್ಚುತ್ತದೆ.

ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ, ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳ ಮೇಲೆ ಕಾಣುವ ಗಾಳಿಯಂತ್ರಗಳಲ್ಲಿ ಇದು ತಿರುಗುಮುರುಗು. ಗೇರ್‌ಬಾಕ್ಸ್ ಇರುವ ದೊಡ್ಡ ಯಂತ್ರದ ರೆಕ್ಕೆ ನಿಮಿಷಕ್ಕೆ 15 ಸುತ್ತು ತಿರುಗಿದರೆ, 1:100 ಅನುಪಾತದಲ್ಲಿ ಜನರೇಟರ್ 1,500 ಸುತ್ತು ತಿರುಗುತ್ತದೆ. ಅಲ್ಲಿ ಬಲ ಕೊಟ್ಟು ವೇಗ ಪಡೆಯುತ್ತಾರೆ. (ಗೇರ್ ಇಲ್ಲದ ಮಾದರಿಗಳೂ ಇವೆ.) ಗೇರ್‌ಗೆ ಶಕ್ತಿ ಹುಟ್ಟಿಸುವ ಗುಣ ಇದ್ದಿದ್ದರೆ ಗಾಳಿ ನಿಂತ ದಿನವೂ ಅವು ಕರೆಂಟ್ ಕೊಡಬೇಕಿತ್ತು.

ಇನ್ನೊಂದು ಮಾತು: ಹಲ್ಲು ಹಲ್ಲಿಗೆ ಉಜ್ಜಿದಲ್ಲೆಲ್ಲ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಒಂದು ಜೋಡಿಯಲ್ಲಿ ಶೇ 5 ಹೋದರೆ, ಎರಡು ಜೋಡಿ ದಾಟುವಾಗ ಸುಮಾರು ಶೇ 10 ಹೋಗುತ್ತದೆ. ಗೇರ್ ಹೆಚ್ಚಿದಷ್ಟೂ ನಷ್ಟವೇ ಹೆಚ್ಚು.

ಎಷ್ಟು ಅನುಪಾತ ಬೇಕು?

ನಿಮಿಷಕ್ಕೆ 6,000 ಸುತ್ತಿನ ಮೋಟರ್, 10 ಸೆಂ.ಮೀ. ವ್ಯಾಸದ ಚಕ್ರ ಎಂದುಕೊಳ್ಳಿ. ನೇರವಾಗಿ ಜೋಡಿಸಿದರೆ ಲೆಕ್ಕದಲ್ಲಿ ವೇಗ ಗಂಟೆಗೆ 113 ಕಿ.ಮೀ.! ವಾಸ್ತವದಲ್ಲಿ ರೋಬೋಟ್ ಕದಲುವುದೇ ಕಷ್ಟ, ಬಲ ಸಾಲದು. ತಿರುಗಲಾಗದೆ ನಿಂತ ಮೋಟರ್ ಅತಿ ಹೆಚ್ಚು ಕರೆಂಟ್ ಎಳೆದು ಬೇಗ ಸುಡುತ್ತದೆ.

20 ಹಲ್ಲಿನ ಗೇರ್ 80 ಹಲ್ಲಿನದನ್ನು ತಿರುಗಿಸಿದರೆ ವೇಗ ನಾಲ್ಕರಲ್ಲಿ ಒಂದಾಗುತ್ತದೆ. ಆ 80ರ ಶಾಫ್ಟಿನಲ್ಲೇ ಕೂರಿಸಿದ 16 ಹಲ್ಲಿನ ಗೇರ್ ಮತ್ತೊಂದು 80ನ್ನು ತಿರುಗಿಸಿದರೆ ಐದರಲ್ಲಿ ಒಂದು. ಒಟ್ಟು 4×5, ಅಂದರೆ 20 ಪಟ್ಟು ಇಳಿಕೆ. ಈಗ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್, ಬಿರುಸಾಗಿ ನಡೆಯುವವರಷ್ಟು. ನಷ್ಟ ಕಳೆದು ಬಲ ಸುಮಾರು 18 ಪಟ್ಟು.

ಆದರೆ ಎರಡು ಗೇರ್‌ಗಳ ನಡುವೆ ಒಂದೇ ಸಾಲಿನಲ್ಲಿ ಎಷ್ಟು ಗೇರ್ ತುರುಕಿದರೂ ಅನುಪಾತ ಬದಲಾಗದು. ಅವು ತಿರುಗುವ ದಿಕ್ಕನ್ನಷ್ಟೇ ಬದಲಿಸುತ್ತವೆ. ವಿಡಿಯೊದ ಉದ್ದ ಸಾಲಿನ ಗುಟ್ಟು ಇಷ್ಟೇ.

ಸೋಲು ಸಿಗುವುದು ಜೋಡಣೆಯಲ್ಲಿ

ಅನುಪಾತ ಸರಿಯಿದ್ದರೂ ಕೂರಿಸುವುದು ತಪ್ಪಿದರೆ ಪ್ರಯೋಜನವಿಲ್ಲ. ಇವನ್ನು ಗಮನಿಸಿ:

• ಜೊತೆಯ ಗೇರ್‌ಗಳ ಮಾಡ್ಯೂಲ್, ಅಂದರೆ ಹಲ್ಲಿನ ಅಳತೆ, ಒಂದೇ ಇರಬೇಕು. ಮಾಡ್ಯೂಲ್ 1ರ 20 ಮತ್ತು 80 ಹಲ್ಲಿನ ಗೇರ್ ಆದರೆ ಶಾಫ್ಟ್‌ಗಳ ನಡುವಿನ ದೂರ (20+80)÷2 = 50 ಮಿ.ಮೀ. ಕಡಿಮೆಯಾದರೆ ಬಿಗಿದು ಬಿಸಿಯಾಗುತ್ತದೆ. ಹೆಚ್ಚಾದರೆ ಹಲ್ಲಿನ ತುದಿ ಮಾತ್ರ ತಾಗಿ ಜಾರುತ್ತದೆ ಅಥವಾ ಮುರಿಯುತ್ತದೆ.

• ಹಲ್ಲುಗಳ ಮಧ್ಯೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಇಟ್ಟು ಒತ್ತಿ, ಸ್ಕ್ರೂ ಬಿಗಿದು, ಗೇರ್ ತಿರುಗಿಸಿ ಕಾಗದ ಹೊರತೆಗೆಯಿರಿ. ಬೇಕಾದ ಕೂದಲೆಳೆಯ ಸಡಿಲ ಉಳಿಯುತ್ತದೆ.

• ಶಾಫ್ಟ್‌ಗೆ ಎರಡೂ ಕಡೆ ಬೇರಿಂಗ್ ಆಸರೆ ಕೊಡಿ. ಒಂದೇ ಕಡೆ ಹಿಡಿದರೆ ಹೊರೆಗೆ ಬಾಗಿ ಹಲ್ಲು ಓರೆಯಾಗುತ್ತದೆ. ದೊಡ್ಡ ಗಾಳಿಯಂತ್ರಗಳ ಗೇರ್‌ಬಾಕ್ಸ್ ತೊಂದರೆಗಳಲ್ಲೂ ಬೇರಿಂಗ್‌ನ ಪಾಲು ದೊಡ್ಡದು.

• ಬಲ ಹೆಚ್ಚಿರುವುದು ಕೊನೆಯ ಜೋಡಿಯಲ್ಲಿ. ಅಗಲವಾದ ಅಥವಾ ಲೋಹದ ಗೇರ್ ಅಲ್ಲಿರಲಿ. ಹಳದಿ ಡಬ್ಬಿಯ ಬಿಒ ಮೋಟರಿನ ಗೇರ್‌ಗಳು ಸಾಮಾನ್ಯವಾಗಿ ಪ್ಲಾಸ್ಟಿಕ್. ಕಲಿಕೆಗೆ ಸಾಕು, ಭಾರದ ರೋಬೋಟ್‌ಗೆ ಅಲ್ಲ.

• ಬ್ಯಾಟರಿ ಹಾಕುವ ಮೊದಲು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಪ್ರತಿ ಸಲ ಒಂದೇ ಜಾಗದಲ್ಲಿ ಬಿಗಿದರೆ ಗೇರ್ ಅಥವಾ ಶಾಫ್ಟ್ ಓರೆಯಾಗಿದೆ ಎಂದರ್ಥ.

ರೋಬೋಟ್ ಏರು ಹತ್ತದಿದ್ದರೆ ದೊಡ್ಡ ಮೋಟರ್‌ಗೆ ಹಣ ಹಾಕುವ ಮುಂಚೆ ಹಲ್ಲು ಎಣಿಸಿ, ದೂರ ಅಳೆಯಿರಿ. ಎಷ್ಟೋ ಸಲ ಒಂದು ಸ್ಕೇಲು, ಒಂದು ಕಾಗದದ ಪಟ್ಟಿಯಲ್ಲೇ ಕೆಲಸ ಮುಗಿಯುತ್ತದೆ. ಇನ್ನು ಆ ವಿಡಿಯೊ ಮತ್ತೆ ಬಂದರೆ, ಬ್ಯಾಟರಿ ಎಲ್ಲಿ ಬಚ್ಚಿಟ್ಟಿದ್ದಾರೆ ಎಂದು ಕೇಳಿ. ಫಾರ್ವರ್ಡ್ ಮಾಡಬೇಡಿ.